ಬತ್ತೀನಿ ಅಂದ ತಪ್ಪಿಗೆ

ಹೊಳೆನರಸೀಪುರ,
೨೬ ಜೂನ್ ೨೦೨೫, ಗುರುವಾರ

ಮುದ್ದಿನ ಸೊಸೆ ರಂಜಿನಿಗೆ ಅತ್ತೆ ಹೊನ್ನಕ್ಕನ ಮನಸಾರೆ ಹಾರೈಕೆಗಳು.

ಎಲ್ಲಕ್ಕಿಂತ ಮೊದಲು ನಿನ್ನ ಹಿಮ್ಮಡಿ ಹೇಗಿದೆ ಹೇಳು. ಹೋದ ಭಾನುವಾರ ಫೋನಿನಲ್ಲಿ ಬೂಟು ಕಚ್ಚಿ ಬೊಬ್ಬೆ ಎದ್ದಿದೆ ಅಂದೆಯಲ್ಲ, ಆವತ್ತಿನಿಂದ ನನಗೆ ಅದೇ ಯೋಚನೆ. ಕೊಬ್ಬರಿ ಎಣ್ಣೆ ಹಚ್ಚು, ಬೊಬ್ಬೆಯನ್ನು ಮಾತ್ರ ಚುಚ್ಚಬೇಡ. ಕಲಬುರಗಿ ಬಿಸಿಲಿಗೆ ಕಪ್ಪಾಗಿದ್ದೀಯ ಅಂತ ನಿನ್ನ ಗಂಡ ಕೊರಗುತ್ತಾನೆ. ಪೊಲೀಸಿನವಳು ಕಪ್ಪಗಿದ್ದರೇನು ಕೆಂಪಗಿದ್ದರೇನು, ಕಳ್ಳ ಬಣ್ಣ ನೋಡಿ ಓಡುತ್ತಾನಾ ಅಂತ ಬೈದೆ. ಟ್ರೈನಿಂಗ್ ಶಾಲೆಯಲ್ಲಿ ಮುದ್ದೆ ಸಿಗುವುದಿಲ್ಲ ಅಂತ ಅರೆಹೊಟ್ಟೆ ಉಣ್ಣಬೇಡ ಮಗಳೇ. ಜೋಳದ ರೊಟ್ಟಿ ತಿಂದು ಆ ಕಡೆಯ ಹೆಂಗಸರು ಹೇಗಿದ್ದಾರೆ ನೋಡಿದ್ದೀಯಲ್ಲ, ನೀನೂ ಹಾಗೆ ಗಟ್ಟಿಯಾಗಿ ಬಾ. ಕೂದಲು ಕತ್ತರಿಸಿದ್ದಕ್ಕೆ ಕಣ್ಣೀರು ಹಾಕಿದೆಯಂತಲ್ಲ, ಅದು ಮಾತ್ರ ನನಗೆ ನಗು ತರಿಸಿತು. ಓಟದ ಪರೀಕ್ಷೆಯಲ್ಲಿ ಗಂಡಸರನ್ನು ಹಿಂದೆ ಹಾಕಿದವಳು ಜಡೆಗೆ ಅಳುತ್ತೀಯ! ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಹಾಗೇ ಇದೆ, ಅದೇನು ಬಂದು ಹೋಗುವ ನೆಂಟನಲ್ಲ.

ಭಾನುವಾರ ನಿಮಗೆ ಕೊಡುವ ಫೋನಿನ ಹೊತ್ತು ನಿಮ್ಮ ಗಂಡಹೆಂಡಿರ ಮಾತಿಗೇ ಸಾಲದು. ನಾನು ಬಾಯಿ ತೆರೆದರೆ ಸಾಕು, ‘ಅವ್ವ, ಸಾಕು ಕೊಡವ್ವ’ ಅಂತ ಶಿವರಾಜು ಕಿತ್ತುಕೊಳ್ಳುತ್ತಾನೆ. ಅದಕ್ಕೇ ಈ ಕಾಗದ. ಇಡೀ ಆಯಸ್ಸು ಅಂಗನವಾಡಿಯಲ್ಲಿ ಮಕ್ಕಳ ತೂಕ, ಮೊಟ್ಟೆಯ ಲೆಕ್ಕ ಬರೆದ ಕೈ ಇದು. ಈಗ ಬರೆಯುವಂಥ ವಿಷಯ ಸಿಕ್ಕಿದೆ, ಬಿಡುತ್ತೇನಾ? ನಮ್ಮ ಕೇಸಿನ ತೀರ್ಪು ಮಂಗಳವಾರ ಬಂತು. ಗೆದ್ದೆವೋ ಸೋತೆವೋ ಅಂತ ಈಗಲೇ ಹೇಳುವುದಿಲ್ಲ. ಸಿನಿಮಾ ನೋಡುವಾಗಲೂ ಕೊನೆಗೆ ಏನಾಗುತ್ತದೆ ಅಂತ ಪಕ್ಕದವರನ್ನು ಕೇಳುವ ಬುದ್ಧಿ ನಿನ್ನದು. ಹಿಂದಿನ ಹಾಳೆ ತಿರುಗಿಸಬೇಡ, ನನ್ನಾಣೆ. ನೀನು ಹೋದ ಮೇಲೆ ಹಾಸನದ ಗ್ರಾಹಕರ ಆಯೋಗದಲ್ಲಿ ಕೊನೆಯ ವಿಚಾರಣೆ ಆಯಿತಲ್ಲ, ಅದನ್ನು ಶಿವರಾಜು ನಿನಗೆ ‘ಅಪ್ಪ ಎಲ್ಲಾನೂ ಒಪ್ಕಂಡ್ಬುಟ್ರು, ಕೇಸು ಓಯ್ತು’ ಅಂತ ಒಂದೇ ಉಸಿರಿಗೆ ಮುಗಿಸಿದ್ದ. ಅವನೇನು ಅಲ್ಲಿದ್ದನಾ? ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ನಟ್ಟು ತಿರುಗಿಸುತ್ತಿದ್ದ. ಅಲ್ಲಿದ್ದವಳು ನಾನು. ಪೂರ್ತಿ ಕೇಳು.

ದುಡ್ಡು ಹೋಗಿದ್ದು ನಿನ್ನ ಮಾವನಿಗೆ ಅಷ್ಟು ನೋವಾಗಿರಲಿಲ್ಲ ರಂಜಿನಿ. ಆ ಹಂಸಯಾನ ಹಾಲಿಡೇಸ್ ಕಂಪನಿಯವರು ಆಯೋಗಕ್ಕೆ ಕೊಟ್ಟ ಉತ್ತರವನ್ನು ನೀನು ನಡುಮನೆಯಲ್ಲಿ ಕೂತು ಓದಿದೆಯಲ್ಲ, ‘ದೂರುದಾರರು ಪ್ರವಾಸಕ್ಕೆ ಬರುವುದಾಗಿ ತಾವೇ ಒಪ್ಪಿ, ಈಗ ಹಣದಾಸೆಗೆ ಸುಳ್ಳು ಹೇಳುತ್ತಿದ್ದಾರೆ’ ಅಂತ, ಆ ಸುಳ್ಳು ಅನ್ನುವ ಒಂದು ಮಾತು ಅವರನ್ನು ಮಲಗಿಸಿಬಿಟ್ಟಿತು. ಸರ್ವೀಸು ಮುಗಿದ ಮೇಲೆ ಬುದ್ಧ ವಿಹಾರದಲ್ಲಿ ಭಾನುವಾರ ಭಾನುವಾರ ಎಲ್ಲರಿಗೂ ಪಂಚಶೀಲ ಹೇಳಿಕೊಡುತ್ತಿದ್ದವರು ಅವರೇ ಅಲ್ಲವಾ. ಆವತ್ತಿನಿಂದ ಮುಂದೆ ಕೂರುವುದನ್ನು ಬಿಟ್ಟು ಬಾಗಿಲ ಹತ್ತಿರ ಕೂರತೊಡಗಿದರು. ನೀನು ನೋಡಿದೆಯೋ ಇಲ್ಲವೋ, ನಾನು ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ ಅನ್ನುವ ನಾಲ್ಕನೆಯ ಶೀಲ ಬಂದಾಗ ಎಲ್ಲರೂ ಹೇಳುತ್ತಿದ್ದರೆ ಅವರು ತುಟಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು. ‘ಯಾಕೆ ಅಂಗೆ ಮಾಡ್ತೀರಿ, ನೀವೇನು ಸುಳ್ಳು ಹೇಳಿದೀರಾ’ ಅಂತ ಜಗಳ ಆಡಿದೆ. ‘ಬರವಣಿಗೇಲಿ ಕೊಟ್ಟವ್ರೆ ಒನ್ನಿ. ಅದು ಇತ್ಯರ್ಥ ಆಗಗಂಟ ನಾನು ಹೇಳ್ಕೊಡಾಕಿಲ್ಲ’ ಅಂದರು. ಹೀಗಾಗಿ ನನಗೆ ಕೇಸಿನಲ್ಲಿ ಬೇಕಾಗಿದ್ದು ದುಡ್ಡಲ್ಲ. ಈ ಮನುಷ್ಯ ಸುಳ್ಳುಗಾರ ಅಲ್ಲ ಅಂತ ಯಾರಾದರೂ ದೊಡ್ಡವರು ಒಂದು ಸಾಲು ಬರೆದುಕೊಡಲಿ ಅಂತ ಮಾತ್ರ ಇತ್ತು. ನನ್ನ ಗಂಡ ನನಗೆ ಮೊದಲಿನ ಹಾಗೆ ಬೇಕಾಗಿತ್ತು ಕಣೇ.

ಹಾಸನದ ಆ ಹೋಟೆಲಿನಲ್ಲಿ ಮೊದಲ ದಿನ ಏನಾಯಿತು ಅಂತ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ, ನೀನು ಅರಕಲಗೂಡಿನ ತವರಲ್ಲಿದ್ದೆ. ನಿನ್ನ ಮದುವೆ ಸೀರೆ ತೆಗೆದೆವಲ್ಲ, ಚನ್ನರಾಯಪಟ್ಟಣದ ಆ ಬಟ್ಟೆ ಅಂಗಡಿಯ ಬಾಗಿಲಲ್ಲಿ ಒಬ್ಬ ಹುಡುಗ ಚೀಟಿ ತುಂಬಿಸಿಕೊಂಡಿದ್ದ. ಆಮೇಲೆ ಫೋನು ಬಂತು, ನಿಮಗೆ ಬಹುಮಾನ ಬಂದಿದೆ, ಗಂಡಹೆಂಡತಿ ಇಬ್ಬರೂ ಬಂದು ತೆಗೆದುಕೊಂಡು ಹೋಗಿ ಅಂತ. ಹೋದೆವು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ಟೈ ಕಟ್ಟಿದ ಹುಡುಗ ಎರಡು ಕೈಯಲ್ಲಿ ಇವರ ಕೈ ಹಿಡಿದು ‘ಬನ್ನಿ ಪಾಪಯ್ಯ ಸರ್’ ಅಂತ ಕೂರಿಸಿದ. ಬಸಿಯ ಮೇಲೆ ಕಪ್ಪಿಟ್ಟು ಟೀ ಕೊಟ್ಟರು. ನಿನಗೆ ಗೊತ್ತಲ್ಲ, ಹಳ್ಳಿಮೈಸೂರು ಕಡೆ ಇವರು ಲೈನ್‌ಮನ್ ಆಗಿದ್ದಾಗ ಮಳೆ ಗಾಳಿ ಅನ್ನದೆ ಕಂಬ ಹತ್ತಿ ಎಷ್ಟು ಮನೆಗೆ ಲೈಟು ಕೊಟ್ಟಿದ್ದಾರೆ. ಕೆಲವು ಮನೆಯವರು ಟೀ ಕೊಡುತ್ತಿದ್ದರು, ಜಗಲಿ ಕೆಳಗೆ, ಬೇರೆ ಲೋಟದಲ್ಲಿ. ಕುಡಿದು ತಾವೇ ತೊಳೆದು ಬೋರಲು ಹಾಕಿ ಬರಬೇಕು. ಅಂಥವರಿಗೆ ಈ ಹುಡುಗರು ಸರ್ ಸರ್ ಅಂತ ಕಪ್ಪು ಎತ್ತಿಕೊಂಡು ಹೋದರೆ ಮನಸ್ಸು ಕರಗದೆ ಇರುತ್ತದಾ? ಸಮುದ್ರದ ಪಿಕ್ಚರ್ ಹಾಕಿ ತೋರಿಸಿದರು, ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ ಬೇಕಾದ ಊರಲ್ಲಿ ರೂಮು ಅಂದರು. ಮಧ್ಯಾಹ್ನ ಕಳೆದರೂ ಬಿಡಲಿಲ್ಲ. ಕೊನೆಗೆ ಇವರು ‘ಆಯ್ತು, ನೋಡಣ ಬುಡಿ’ ಅಂದರು. ನಮ್ಮ ಸೀಮೆಯಲ್ಲಿ ನೋಡಣ ಅಂದರೆ ಬೇಡ ಅಂತ ಕೂಸಿಗೂ ಗೊತ್ತು, ಹೆಣ್ಣು ಒಪ್ಪದಿದ್ದರೂ ನೋಡಣ ಅಂತಲೇ ಎದ್ದು ಬರುತ್ತೇವೆ. ಆ ಹುಡುಗರಿಗೆ ಎಲ್ಲಿ ಗೊತ್ತು! ‘ಸರ್ ಓಕೆ ಅಂದ್ರು’ ಅಂತ ಅವನು ಕೂಗಿದ, ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಇವರ ಕೈಗೆ ಪೆನ್ನು ಬಂತು. ಬಸ್ಸಿನಲ್ಲಿ ನಾನು ಯಾಕೆ ಸಹಿ ಹಾಕಿದಿರಿ ಅಂದಾಗ ‘ಅಷ್ಟು ಮರ್ಯಾದೆ ಕೊಟ್ಟೋರ ಮೊಕ ಹೆಂಗೆ ಮುರಿಯಾದು ಒನ್ನಿ’ ಅಂದರು. ಬಹುಮಾನದ ಕುಕ್ಕರು ತೊಡೆ ಮೇಲಿಟ್ಟುಕೊಂಡು ಊರಿಗೆ ಬಂದೆವು. ಅದರ ಸೀಟಿಯೂ ಸರಿಯಾಗಿ ಕೂಗುವುದಿಲ್ಲ, ಹಾಳಾದ್ದು.

ಆಮೇಲಿನದನ್ನು ಮಾಡಿದವಳು ನೀನು. ಅರಕಲಗೂಡಿನಿಂದ ಬಂದ ದಿನವೇ ಆ ಸಣ್ಣ ಅಕ್ಷರದ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಓದಿದೆ. ಹತ್ತು ದಿನದೊಳಗೆ ಬೇಡ ಅಂತ ಬರೆದು ತಿಳಿಸಿದರೆ ಪೂರ್ತಿ ಹಣ ವಾಪಸ್ ಅಂತ ಅವರೇ ಅಚ್ಚು ಹಾಕಿದ್ದನ್ನು ಹುಡುಕಿದೆ. ಮಾರನೇ ದಿನವೇ ನಮ್ಮೂರ ಪೋಸ್ಟಾಫೀಸಿನಿಂದ ರಿಜಿಸ್ಟರ್ ಮಾಡಿದೆ, ಅವರಿಗೆ ಮುಟ್ಟಿತು ಅನ್ನುವ ಕಾರ್ಡೂ ವಾಪಸ್ ಬಂತು. ಅವರು ಉಸಿರೆತ್ತಲಿಲ್ಲ. ಗದರಿಸಿ ಕೇಳಿದರೆ, ಅಷ್ಟರೊಳಗೆ ನಿಮ್ಮವರು ಫೋನಿನಲ್ಲಿ ಗೋವಾಕ್ಕೆ ಬರುತ್ತೇನೆ ಅಂತ ಒಪ್ಪಿದ್ದಾರೆ, ರೂಮು ಬುಕ್ ಆಗಿತ್ತು, ಬರದೆ ಇದ್ದದ್ದು ನಿಮ್ಮ ತಪ್ಪು, ಒಂದು ಸಲ ಬುಕ್ ಮಾಡಿದ ಮೇಲೆ ವಾಪಸ್ ಇಲ್ಲ ಅಂದರು. ಹಾಸನದ ಆಫೀಸಿಗೆ ಹೋಗಿ ನೋಡಿದರೆ ಬೀಗ. ಅದು ನಮ್ಮ ಆಫೀಸೇ ಅಲ್ಲ, ಏಜೆಂಟರದು, ಅವರು ತೆಗೆದುಕೊಂಡ ಹಣಕ್ಕೆ ನಾವು ಜವಾಬ್ದಾರರಲ್ಲ ಅಂತ ಇನ್ನೊಂದು ವರಸೆ ತೆಗೆದರು. ಇತ್ತ, ಮೆಂಬರ್‌ಶಿಪ್ ಹಣಕ್ಕೆ ಅಂತ ಸಹಿ ಹಾಕಿದ ದಿನವೇ ಅವರು ಮಾಡಿಸಿಕೊಟ್ಟ ಸಾಲದ ಕಂತು ನಿಲ್ಲಲಿಲ್ಲ. ಕಂತು ತಪ್ಪಿದಾಗ ವಸೂಲಿಯವನು ಫೋನು ಮಾಡಿ, ಸರ್ ಅನ್ನಿಸಿಕೊಂಡಿದ್ದ ಮನುಷ್ಯನನ್ನು ‘ಏನೋ ಪಾಪಯ್ಯ’ ಅಂದ. ನೀನು ಒಲೆ ಮುಂದೆ ಇದ್ದವಳು ಕೇಳಿಸಿಕೊಂಡೆ. ಮಾರನೇ ದಿನ ತವರಿನವರು ಹಾಕಿದ ಎರಡು ಬಳೆ ಬ್ಯಾಂಕಿನಲ್ಲಿಟ್ಟು ಸಾಲ ಚುಕ್ತಾ ಮಾಡಿಕೊಂಡು ಬಂದೆ. ನಮಗೆ ಗೊತ್ತಾಗಿದ್ದು ನಿನ್ನ ಬರಿಗೈ ನೋಡಿ. ‘ಪೊಲೀಸ್ ಆಗೋಳಿಗೆ ಬಳೆ ಯಾಕೆ ಮಾವ, ಓಡೋವಾಗ ಸದ್ದಾಗ್ತದೆ’ ಅಂತ ನಕ್ಕುಬಿಟ್ಟೆ. ನಿನ್ನ ಮಾವ ನಗಲಿಲ್ಲ. ಕೇಸಿನ ದುಡ್ಡು ಬಂದ ದಿನ ಮೊದಲು ಆ ಬಳೆ, ಮಿಕ್ಕಿದ್ದೆಲ್ಲ ಆಮೇಲೆ ಅಂತ ಆವತ್ತೇ ಹೇಳಿದರು.

ಒಂದು ಮಾತು ಇಲ್ಲೇ ಬರೆದುಬಿಡುತ್ತೇನೆ. ಇಷ್ಟೆಲ್ಲ ಆದರೂ ನೀನು ಒಂದು ದಿನ ‘ಯಾಕೆ ಮಾವ ಸಹಿ ಹಾಕಿದ್ರಿ’ ಅನ್ನಲಿಲ್ಲ. ಶಾಂತಿಗ್ರಾಮದ ನೆಂಟರು ಬಂದಾಗ ‘ಪಾಪಣ್ಣ ಮೋಸ ಹೋಗ್ಬುಟ್ರಂತೆ’ ಅಂತ ಹಲ್ಲು ಬಿಟ್ಟರಲ್ಲ, ನೀನು ನೀರಿನ ಚೊಂಬು ಇಟ್ಟು ‘ಮೋಸ ಹೋದೋರ ಸುದ್ದಿ ಯಾಕೆ ಚಿಕ್ಕಪ್ಪ, ಮೋಸ ಮಾಡ್ದೋರ್ ಸುದ್ದಿ ಹೇಳಿ’ ಅಂದೆ. ಅವರು ಕಾಫಿ ಕುಡಿದು ಎದ್ದು ಹೊರಟರು. ಆವತ್ತು ಅಡುಗೆಮನೆಗೆ ಬಂದು ನಿನ್ನ ಮಾವ ಕಣ್ಣೊರೆಸಿಕೊಂಡರು. ಹೊಟ್ಟೆಯಲ್ಲಿ ಹುಟ್ಟಿದ ಮಗ ಮೂರು ಸಲ ರೇಗಿದ್ದ, ಮನೆಗೆ ಬಂದ ಹೆಣ್ಣುಮಗಳು ಒಂದು ಸಲವೂ ರೇಗಲಿಲ್ಲ. ಇದಕ್ಕೆ ನಾನು ಯಾರಿಗೆ ಕೈ ಮುಗಿಯಲಿ ಹೇಳು. ಮುದ್ದಮ್ಮ ಬೀಗಿತ್ತಿಗೇ ಮುಗಿಯಬೇಕು, ಹೆತ್ತು ಸಾಕಿ ಕೊಟ್ಟಿದ್ದಕ್ಕೆ.

ಈಗ ವಿಚಾರಣೆಯ ದಿನಕ್ಕೆ ಬರುತ್ತೇನೆ. ಪ್ರತಿಸಲ ನಿನ್ನ ಜೊತೆ ಹೋಗುತ್ತಿದ್ದ ಮನುಷ್ಯ ಆವತ್ತು ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೀನು ಜೋಡಿಸಿಕೊಟ್ಟ ಫೈಲು ಎದೆಗೆ ಒತ್ತಿಕೊಂಡಿದ್ದರು. ನಾನು ದಾರಿಯುದ್ದಕ್ಕೂ ಬುದ್ಧಿ ಹೇಳಿದೆ. ಕೇಳಿದ್ದಕ್ಕೆಲ್ಲ ನೆನಪಿಲ್ಲ ಅನ್ನಿ, ಆ ಫೋನು ಯಾವಾಗ ಬಂತೋ ಗೊತ್ತಿಲ್ಲ ಅನ್ನಿ, ಅಷ್ಟು ಸಾಕು ಅಂದೆ. ಅವರು ಕಿಟಕಿಯಾಚೆಯ ಕರೆಂಟು ಕಂಬಗಳನ್ನೇ ನೋಡುತ್ತಿದ್ದರು. ಆಯೋಗದ ಹಾಲು ನಮ್ಮ ಸ್ಕೂಲಿನ ಕೊಠಡಿಯಷ್ಟೇ ಇದೆ, ಮೇಲೆ ಮೂವರು ಕೂರುತ್ತಾರೆ, ನಡುವೆ ಮೇಡಂ. ಕಂಪನಿ ಕಡೆಯ ವಕೀಲ ಗೌರೀಶ, ನಿನಗೆ ಗೊತ್ತಿರುವವನೇ, ನಿಮ್ಮ ಅರಕಲಗೂಡಿನ ಹುಡುಗ. ಅವನು ಲ್ಯಾಪ್‌ಟಾಪ್ ಇಟ್ಟು ಆ ಫೋನಿನ ರೆಕಾರ್ಡು ಹಾಕಿದ. ನಾನು ಅದನ್ನು ಕೇಳಿದ್ದು ಅದೇ ಮೊದಲು. ಒಂದು ಹುಡುಗಿ, ಧನ್ಯಾ ಅಂತೆ, ಸಕ್ಕರೆ ಹಾಕಿದ ಹಾಗೆ ಮಾತಾಡುತ್ತಾಳೆ, ಗೋವಾ ಅನ್ನುತ್ತಾಳೆ, ಸಮುದ್ರದ ಪಕ್ಕ ಅನ್ನುತ್ತಾಳೆ, ನೀವೂ ಮೇಡಮ್ಮೂ ಬರ್ತೀರಲ್ವಾ ಸರ್ ಅನ್ನುತ್ತಾಳೆ. ಹಿಂದಿನಿಂದ ರೇಷನ್ ಅಂಗಡಿಯವನು ‘ಪಾಪಣ್ಣ, ಹೆಬ್ಬೆಟ್ಟು ಒತ್ತಿ ಚೀಲ ಹಿಡೀರಿ’ ಅಂತ ಕೂಗುತ್ತಾನೆ. ಆಮೇಲೆ ನಿನ್ನ ಮಾವನ ದನಿ. ‘ಆಯ್ತು ಕಣವ್ವ, ಆಯ್ತು. ಬತ್ತೀನಿ.’ ಟಕ್ ಅಂತ ಫೋನು ನಿಲ್ಲುತ್ತದೆ.

ಮೇಡಂ ಕೇಳಿದರು, ಇದು ನಿಮ್ಮ ದನಿಯಾ? ‘ಹೌದು ತಾಯಿ, ನಂದೇಯ.’ ನಾನು ಪಕ್ಕದಲ್ಲಿ ನಿಂತು ಜಿಗುಟಿದೆ. ಬರ್ತೀನಿ ಅಂತ ಹೇಳಿದ್ದು ನೀವೇನಾ? ‘ನಾನೇ ಹೇಳಿವ್ನಿ.’ ಇನ್ನೊಂದು ಸಲ ಜಿಗುಟಿದೆ, ಅಂಗಿ ಹರಿಯುವುದೊಂದು ಬಾಕಿ. ಗೌರೀಶನ ಮುಖ ಅರಳಿತು. ಎದ್ದು ನಿಂತು, ದೂರುದಾರರೇ ಒಪ್ಪಿಕೊಂಡರು, ನಲವತ್ತು ವರ್ಷ ಕರೆಂಟಿನ ಕೆಲಸ ಮಾಡಿದವರು, ಬರ್ತೀನಿ ಅಂದರೆ ಬರಬೇಕು ಅಂತ ಅವರಿಗೆ ಗೊತ್ತಿಲ್ಲವಾ, ಈಗ ಇಲ್ಲ ಅನ್ನುವುದು ಸುಳ್ಳಲ್ಲವಾ ಅಂತ ಶುರುಮಾಡಿದ. ಆ ಪದ ಮತ್ತೆ ಎಲ್ಲರೆದುರು ಬಿತ್ತು. ನಿನ್ನ ಮಾವ ಮಾತ್ರ ಹಾಗೇ ನಿಂತಿದ್ದರು. ಅವನು ಮುಗಿಸಿದ ಮೇಲೆ ಮೇಡಂ ಕಡೆ ಕೈ ಮುಗಿದು, ‘ತಾಯಿ, ನಾನು ಬತ್ತೀನಿ ಅಂದಿದ್ದು ದಿಟ. ಇನ್ನೇನನ್ಲಿ? ಮಾತು ಮುಗ್ಸೋವಾಗ ಓಯ್ತೀನಿ ಅನ್ನಕಾಯ್ತದಾ? ಹೆಣ್ಮಗು ಅಷ್ಟೊತ್ತು ಮಾತಾಡ್ತು, ಹಿಂದ್ಗಡೆ ರೇಷನ್ನೋನು ಬಡ್ಕೋತಿದ್ದ, ಫೋನ್ ಮಡಗ್ಬೇಕಿತ್ತು. ಬತ್ತೀನವ್ವ ಅಂದೆ. ಅಷ್ಟೇಯ’ ಅಂದರು. ಬರೆದುಕೊಳ್ಳುತ್ತಿದ್ದ ಹೆಂಗಸು ಬರೆಯುವುದನ್ನು ಬಿಟ್ಟು ತಲೆ ಎತ್ತಿದಳು. ಗೌರೀಶ ಮಾತ್ರ ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದು, ಭಾವನೆ ಬೇರೆ ಕಾನೂನು ಬೇರೆ ಅಂತ ಏನೇನೋ ಹೇಳಿದ. ಏಜೆಂಟರ ವಿಷಯವನ್ನೂ ಎತ್ತಿದ. ಮೇಡಂ ನೀನು ಕಟ್ಟಿದ ಫೈಲು ತಿರುಗಿಸಿ, ಕಾಗದ ಮುಟ್ಟಿದ ಆ ಕಾರ್ಡನ್ನು ಎತ್ತಿ ಹಿಡಿದು ತಾರೀಖು ನೋಡಿದರು. ತೀರ್ಪು ಆಮೇಲೆ ಅಂದರು.

ಇನ್ನು ಮುಂದಿನದನ್ನು ನೀನು ನೋಡಬೇಕಿತ್ತು ರಂಜಿನಿ, ನೋಡಬೇಕಿತ್ತು. ಗೌರೀಶನಿಗೆ ಇನ್ನೊಂದು ಕೋರ್ಟಿನಲ್ಲಿ ಬೇರೆ ಕೇಸಿತ್ತಂತೆ. ಫೈಲು, ಲ್ಯಾಪ್‌ಟಾಪು ಎಲ್ಲ ಕಂಕುಳಿಗೆ ಸಿಕ್ಕಿಸಿಕೊಂಡು, ಮೇಲಿನವರಿಗೆ ತಲೆ ಬಾಗಿಸಿ, ‘ಬರ್ತೀನಿ ಮೇಡಂ’ ಅಂತ ಬಾಗಿಲ ಕಡೆ ತಿರುಗಿದ. ಮೇಡಂ ಕನ್ನಡಕದ ಮೇಲಿಂದ ನೋಡಿ, ‘ಎಲ್ಲಿಗೆ ಬರ್ತೀರಿ ಗೌರೀಶ್, ರೂಮು ಬುಕ್ ಮಾಡಿಸ್ಲಾ?’ ಅಂದರು. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಾಲಿಗೆ ಹಾಲೇ ನಕ್ಕಿತು ನೋಡು! ಅಟೆಂಡರು ಗೋಡೆ ಕಡೆ ತಿರುಗಿ ನಕ್ಕ. ಗೌರೀಶನ ಕಿವಿ ಕೆಂಪಾಯಿತು, ಪಾಪ, ಕೊನೆಗೆ ಅವನೂ ನಕ್ಕ. ನಿನ್ನ ಮಾವನೊಬ್ಬರು ನಗಲಿಲ್ಲ. ಹೊರಗೆ ಬಂದ ಮೇಲೆ ಆ ಹುಡುಗ ನಮ್ಮ ಹತ್ತಿರ ನಿಂತು, ‘ಯಜಮಾನ್ರೆ, ಕಂಪನಿಯೋರು ಏನ್ ಕೊಟ್ರೋ ಅದನ್ನ ಬರೆದೆ. ಸುಳ್ಳುಗಾರ್ರು ಅಂತ ನನ್ ಮನಸಲ್ಲಿಲ್ಲ, ತಪ್ಪು ತಿಳೀಬ್ಯಾಡಿ’ ಅಂದ. ಇವರು ಅವನ ಭುಜ ತಟ್ಟಿ ‘ನಿನ್ ಕೆಲ್ಸ ನೀನ್ ಮಾಡ್ದೆ ಬುಡಪ್ಪ’ ಅಂದರು. ನಾನು ಅಷ್ಟು ಒಳ್ಳೆಯವಳಲ್ಲ. ದೊಡ್ಡವರನ್ನು ಸುಳ್ಳುಗಾರ ಅಂದೆ ಅಂತ ನಿಮ್ಮವ್ವನ ಹತ್ತಿರ ಹೇಳಿ ನೋಡು, ಏನು ಕೊಡುತ್ತಾಳೆ ಅಂತ ಅವನಿಗೆ ಅಂದೆ. ಆದರೂ ಬಂದು ನಿಂತು ಹೇಳಿದನಲ್ಲ, ಅದು ಸಣ್ಣ ಮಾತಲ್ಲ, ಅವನಿಗೂ ಒಳ್ಳೆಯದಾಗಲಿ.

ನಕ್ಕರೆ ಕೇಸು ಗೆಲ್ಲುತ್ತದಾ? ಮನೆಗೆ ಬಂದ ಮೇಲೆ ಶಿವರಾಜು ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತ. ನೆನಪಿಲ್ಲ ಅಂದಿದ್ದರೆ ಆಗುತ್ತಿತ್ತು, ಬಾಯಾರೆ ಒಪ್ಪಿ ಬಂದಿದ್ದೀರಿ ಅಂದ. ನನಗೂ ಒಳಗೊಳಗೆ ಹಾಗೇ ಇತ್ತು. ನೀನು ಹಗಲೂ ರಾತ್ರಿ ಓದಿನ ನಡುವೆ ಮಾಡಿದ ಕೆಲಸ ಎಲ್ಲ ನೀರಿಗೆ ಬಿತ್ತು ಅಂತ. ತೀರ್ಪಿನ ದಿನದವರೆಗೂ ಈ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ಹೇಳುತ್ತೇನೆ, ಗೆದ್ದೆವು ಕಣೇ! ಪೂರ್ತಿ ಗೆದ್ದೆವು. ಕಟ್ಟಿದ ಹಣ ಬಡ್ಡಿ ಸಮೇತ ವಾಪಸ್ ಕೊಡಬೇಕು. ನೀನು ಹಾಕಿದ ರಿಜಿಸ್ಟರ್ ಕಾಗದ ಹತ್ತು ದಿನದೊಳಗೆ ಮುಟ್ಟಿದೆ, ಅಲ್ಲಿಗೇ ಮೆಂಬರ್‌ಶಿಪ್ ಮುಗಿಯಿತು ಅಂತ ಬರೆದಿದ್ದಾರೆ. ಏಜೆಂಟ್ ಯಾರೇ ಇರಲಿ, ಯಾರ ಹೆಸರು ಹೇಳಿ ಹಣ ತೆಗೆದುಕೊಂಡರೋ ಆ ಕಂಪನಿಯೇ ಜವಾಬ್ದಾರಿ, ಬೀಗ ಹಾಕಿದ ಬಾಗಿಲು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತಲೂ ಇದೆ. ಅದೆಲ್ಲ ನಿನಗೆ ಬೇಕಾದ್ದು. ನನಗೆ ಬೇಕಾದ್ದನ್ನು ಇಲ್ಲಿ ನೋಡಿ ಬರೆಯುತ್ತಿದ್ದೇನೆ: ‘ಬರ್ತೀನಿ ಎಂಬುದು ಈ ಭಾಗದ ಜನ ಬೀಳ್ಕೊಳ್ಳುವಾಗ ಆಡುವ ಮಾತು. ಅದನ್ನು ಪ್ರವಾಸಕ್ಕೆ ಕೊಟ್ಟ ಒಪ್ಪಿಗೆ ಎನ್ನಲಾಗದು. ತಮಗೆ ವಿರುದ್ಧವಾಗಬಹುದಾಗಿದ್ದ ಸಂಗತಿಯನ್ನೂ ದೂರುದಾರರು ಮರೆಮಾಚದೆ ಹೇಳಿರುವುದರಿಂದ ಅವರ ಮಾತು ಪೂರ್ಣವಾಗಿ ನಂಬಲರ್ಹವಾಗಿದೆ.’ ಅವರು ನೆನಪಿಲ್ಲ ಅಂದಿದ್ದರೆ ಈ ಸಾಲು ಬರುತ್ತಿತ್ತಾ? ನಿನ್ನ ಮಾವ ಇದನ್ನು ನನ್ನ ಕೈಲಿ ಎಷ್ಟು ಸಲ ಓದಿಸಿದರೋ. ತಮಗೇ ಓದಲು ಬರುತ್ತದೆ, ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಬೇಕು. ನಿನ್ನೆ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗಿ ಬಂದರು. ಈ ಭಾನುವಾರ ವಿಹಾರಕ್ಕೆ ಬೇಗ ಹೋಗಬೇಕಂತೆ. ಬಟ್ಟೆ ಒಣಗಿದೆಯಾ ಅಂತ ಆಗಲೇ ಎರಡು ಸಲ ಕೇಳಿದ್ದಾರೆ. ನಿನ್ನಿಂದಾಗಿ ಬಂದ ದಿನ ಇದು ಮಗಳೇ. ಈ ಋಣ ತೀರಿಸುತ್ತೇನೆ ಅಂತ ದೊಡ್ಡ ಮಾತು ಆಡುವುದಿಲ್ಲ. ನಿನ್ನ ಬಾಣಂತನ ನಾನೇ ಮಾಡುತ್ತೇನೆ, ಆಗ ಬೇಕಾದ್ದು ಕೇಳು.

ಓದು, ಓಟ ಎರಡನ್ನೂ ಬಿಡಬೇಡ. ಜೊತೆಯ ಹುಡುಗಿಯರ ಜೊತೆ ಹೊಂದಿಕೊಂಡಿರು, ಮೇಲಿನವರ ಎದುರು ಬಾಯಿ ಸ್ವಲ್ಪ ಬಿಗಿ ಹಿಡಿ, ಆ ಬಾಯಿ ನನಗೆ ಗೊತ್ತು. ಬುದ್ಧ ಭಗವಂತನ ಕರುಣೆ ನಿನ್ನ ಮೇಲಿರಲಿ, ಹೋದ ಕಡೆಯೆಲ್ಲ ನಾಲ್ಕು ಜನ ನಿನ್ನನ್ನು ನಂಬುವಂತಾಗಲಿ. ಮಾವನೂ ಶಿವರಾಜುವೂ ನೆನೆಸಿದ್ದಾರೆ.

ನಿನ್ನ ಅತ್ತೆ,
ಹೊನ್ನಕ್ಕ

ಮರೆತಿದ್ದಲ್ಲ, ಈಗ ಆಗಿದ್ದು: ಕವರಿಗೆ ಗೋಂದು ಹಚ್ಚಿದ್ದವಳು ಮತ್ತೆ ಬಿಚ್ಚಿದ್ದೇನೆ. ಊಟಕ್ಕೆ ಕೂತಿದ್ದಾಗ ಹಂಸಯಾನದ ಬೆಂಗಳೂರು ಆಫೀಸಿನಿಂದ ನಿನ್ನ ಮಾವನಿಗೆ ಫೋನು ಬಂತು. ಅವರು ಮೇಲಿನ ಆಯೋಗಕ್ಕೆ ಹೋಗುತ್ತಾರಂತೆ, ವರ್ಷಗಟ್ಟಲೆ ಎಳೆಯುತ್ತದಂತೆ. ಅದು ಬೇಡ ಅನ್ನುವುದಾದರೆ ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ, ‘ಬರಲು ಒಪ್ಪಿದ್ದು ನಿಜ, ತಪ್ಪು ತಿಳಿದು ದೂರು ಕೊಟ್ಟೆ’ ಅಂತ. ಹಾಕಿದರೆ ವಾರದೊಳಗೆ ದುಡ್ಡೆಲ್ಲ ಖಾತೆಗೆ ಬರುತ್ತದಂತೆ. ನಿನ್ನ ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಕೇಳಿದರು. ‘ದುಡ್ಡು ನಿಮ್ತಾವೇ ಇರ್ಲಿ ಸಾ. ನಾನು ಸುಳ್ಳು ಬರ್ಕೊಡಾಕಿಲ್ಲ’ ಅಂದು ಇಟ್ಟುಬಿಟ್ಟರು. ನನಗೆ ಎದೆ ತುಂಬಿ ಬಂತು. ಆದರೆ ತಟ್ಟೆಯ ಮುದ್ದೆ ಹಾಗೇ ಉಳಿಯಿತು. ‘ಆ ಮಗೀನ ಬಳೆ ಒನ್ನಿ’ ಅಂದವರು ಜಗಲಿಗೆ ಹೋಗಿ ಕೂತಿದ್ದಾರೆ. ದೀಪಾವಳಿ ಕಳೆದರೆ ನಿನ್ನ ತಮ್ಮನ ಮದುವೆ, ತವರಿನವರು ಹಾಕಿದ ಬಳೆ ಇಲ್ಲದೆ ನೀನು ಧಾರೆ ಮಂಟಪದಲ್ಲಿ ನಿಲ್ಲಬೇಕಾಗುತ್ತದೆ ಅಂತ. ಸಮಾಧಾನ ಮಾಡುವುದು ನನ್ನ ಕೈಯಲ್ಲಾಗದು, ಅದು ನಿನ್ನದೇ. ಈ ಕಾಗದ ಸ್ಪೀಡ್‌ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಶನಿವಾರ ಮುಟ್ಟಬೇಕು. ಭಾನುವಾರ ಫೋನನ್ನು ಶಿವರಾಜುಗೆ ಕೊಡುವುದಿಲ್ಲ, ಮೊದಲು ಅವರ ಕೈಗೇ ಕೊಡುತ್ತೇನೆ. ಅವರು ಮಾಡಿದ್ದು ಸರಿ ಅಂತ ನಿನಗೆ ಅನ್ನಿಸಿದರೆ ‘ಸರಿ ಮಾಡಿದ್ರಿ ಮಾವ’ ಅನ್ನು. ಅನ್ನಿಸದಿದ್ದರೆ ಚೆನ್ನಾಗಿ ಬೈದುಬಿಡು, ತಡೆದುಕೊಳ್ಳುತ್ತಾರೆ. ಅವರ ಮನಸ್ಸು ಉಳಿಸಲು ಅಂತ ಸುಳ್ಳು ಮಾತ್ರ ಹೇಳಬೇಡ.